ನಾಕೇ ಹನಿ, ಒಂದು ಬುಟ್ಟಿ ಧೋತರ

“ನಾಕ ಹನಿ ಸಲುವಾಗಿ ಯಾರರ ಹೈದರಾಬಾದಿಗೆ ಹೋಗ್ತಾರೇನು?”

ಬಸವಂತರಾಯರು ಅಫಜಲಪುರದ ತಮ್ಮ ಮನೆಯ ಹಿತ್ತಲಲ್ಲಿ ನಿಂತು ಮತ್ತೆ ಅದನ್ನೇ ಕೇಳಿದರು. ಹೈದರಾಬಾದಿನಲ್ಲಿ ಲೇಸರಿನಿಂದ ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡು ಬಂದು ತಿಂಗಳ ಮೇಲಾಗಿತ್ತು. ಅಪರೂಪಕ್ಕೆ ಒಬ್ಬಿಬ್ಬರಿಗೆ ಉಚ್ಚೆ ಸೋರುವುದು ಬೇಗ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಅಪರೂಪದ ಒಬ್ಬರು ಇವರೇ ಆಗಿದ್ದರು. ಒಗೆಯುವ ಕಲ್ಲಿನ ಮುಂದೆ ಕೂತ ಹೆಂಡತಿ ಶಾರದಾಬಾಯಿಯ ಪಕ್ಕದಲ್ಲಿ ಬುಟ್ಟಿ ತುಂಬ ಹಸಿ ಧೋತರ.

ಶಾರದಾಬಾಯಿ: ತಿಂಗಳಾದ್ರೂ ನಿಲ್ಲಲಿಲ್ಲಂದ್ರ ಬರ್ರಿ, ಸಣ್ಣ ನಳಿಗಿ ಹಾಕಿ ಒಳಗ ನೋಡಿ ಔಷಧ ಕೊಡ್ತೇನಿ ಅಂತ ಅಂದಿದ್ದಿಲ್ಲೇನ್ರಿ ಅವರು?

ಬಸವಂತರಾಯ: ಅಂದಿದ್ರು. ಹೋಗಿ ಯಾವ ಬಾಯಿಲೆ ಹೇಳ್ಲಿ? ಮರ್ಯಾದಿ ಅಂಬೂದು ಅದ ಇಲ್ಲೋ?

ಶಾರದಾಬಾಯಿ: ದಿನಾ ನನ್ನ ಮುಂದ ಈ ಬುಟ್ಟಿ ಇಡಬೇಕಾದ್ರ ಅದು ಎಲ್ಲಿ ಹೋಗಿರ್ತದ?

ಬಸವಂತರಾಯ: ನೀ ಮನಿಯಾಕಿ.

ಶಾರದಾಬಾಯಿ: ಉಚ್ಚಿ ತಡೆಧಂಗ ಬಿಗಿ ಹಿಡಿದು ಬಿಡೂ ಕಸರತ್ತು ಹೇಳಿದ್ರಲ್ಲ, ಅದರ ಮಾಡ್ತೀರೇನು?

ಬಸವಂತರಾಯ: ಈಗಷ್ಟೇ ಮಾಡಿ ಬಂದೆ.

ಶಾರದಾಬಾಯಿ: ಈಗಷ್ಟೇ ರೇಡಿಯೋ ಮುಂದ ಗೊರಕಿ ಹೊಡ್ಯಾಕತ್ತಿದ್ರಿ. ಅದನ್ನೂ ನಿಮ್ಮ ಬದಲಿ ನಾನೇ ಮಾಡ್ಲೇನು?

ರಾಯರು ಮಾತು ತಿರುಗಿಸಿದರು.

ಬಸವಂತರಾಯ: ಮುಂದಿನ ತಿಂಗಳ ಜೇವರ್ಗ್ಯಾಗ ಮಗಳ ಸಂಬಂಧದ ಮಾತದ. ಎರಡು ಧೋತರ ಹೆಚ್ಚಿಗಿ ಕಟ್ಟು, ಸಾಕು.

ಶಾರದಾಬಾಯಿ: ಬೀಗರ ಗಾದಿ ಮ್ಯಾಲ ಕೂತು ಎದ್ದಾಗ ಏನಂತೀರಿ?

ಬಸವಂತರಾಯ: ತಂಬಿಗಿ ನೀರು ಚೆಲ್ಲಿತು ಅಂತೇನಿ.

ಶಾರದಾಬಾಯಿ: ಒಗ್ಯಾಕ ಬೀಗಿತ್ತಿಗೆ ಹಚ್ಚತೀರೇನು? ಸಾಕಾತು. ಇವತ್ತಿಂದ ನಿಮ್ಮವು ನೀವೇ ಒಗಕೋರಿ.

ಆಕೆ ಬುಟ್ಟಿಯನ್ನು ಅವರ ಕಾಲ ಬಳಿ ನೂಕಿದಳು. ರಾಯರು ಹಾವು ಕಂಡವರಂತೆ ಹಿಂದೆ ಸರಿದರು.

ಬಸವಂತರಾಯ: ವಜ್ಜಾ ಎತ್ತಬಾರದು ಅಂದಾರ ಡಾಕ್ಟರ್! ಹಸೀ ಧೋತರದ ಬುಟ್ಟಿ ಎಷ್ಟು ವಜ್ಜಾ ಇರ್ತದ, ಗೊತ್ತೇನು ನಿನಗ?

ಶಾರದಾಬಾಯಿ: ನನಗೇನ್ರಿ ಗೊತ್ತು? ತಿಂಗಳಿಂದ ನಿಮ್ಮ ಅಜ್ಜ ಎತ್ಯಾನ. ಆದ್ರ ಒಂದು ಹೇಳ್ರಿ. ನಾಕೇ ಹನಿ ಅಂದ್ರ ಬುಟ್ಟಿ ಹಗೂರ, ಎತ್ರಿ. ಬುಟ್ಟಿ ವಜ್ಜಾ ಇದ್ರ ನಾಕ ಹನಿ ಅಲ್ಲ, ಹೈದರಾಬಾದಿಗೆ ನಡೀರಿ.

ರಾಯರು ಬುಟ್ಟಿಯನ್ನು ನೋಡಿದರು, ಕಲ್ಲನ್ನು ನೋಡಿದರು. ಕಲ್ಲು ಬಹಳ ತಗ್ಗಿನಲ್ಲಿತ್ತು.

ಬಸವಂತರಾಯ: ನಾಳಿ ಬಸ್ ಎಷ್ಟಕ್ಕದ?

ಶಾರದಾಬಾಯಿ: ನಸುಕಿನ್ಯಾಗ. ನಿಮ್ಮ ತಮ್ಮ ಧರ್ಮಣ್ಣಗ ಆಗಲೇ ಹೇಳೇನಿ, ಜೋಡಿ ಬರ್ತಾನ.

ಬಸವಂತರಾಯ: ಮತ್ತ ನೀ?

ಶಾರದಾಬಾಯಿ: ನಾ ಮನ್ಯಾಗ ರೇಡಿಯೋ ಮುಂದ ಗೊರಕಿ ಹೊಡೀತೇನ್ರಿ. ನಿಮ್ಮ ಬದಲಿ ಮಾಡೂ ಕೆಲಸದಾಗ ಅದೊಂದೇ ಬಾಕಿ ಉಳದದ.