ಸಮುದ್ರದಾಗ ಉಗುಳಬ್ಯಾಡ್ರಿ!

ನಮ್ಮ ಸೋದರಮಾವನಿಗೆ ಸ್ವಂತದ್ದೊಂದು ಸಮುದ್ರವಿತ್ತು. ನಗಬೇಡಿ! ಅದು ಮುಂಬಯಿಯಲ್ಲಿರಲಿಲ್ಲ, ಕಾರವಾರದಲ್ಲೂ ಇರಲಿಲ್ಲ. ಹುಲಗೂರಿನ ಅವನ ಮನೆಯ ಹಿತ್ತಲಿನಲ್ಲಿ, ಎಮ್ಮೆಯ ಗೂಟಕ್ಕೂ ಬಚ್ಚಲ ನೀರಿನ ಕಾಲುವೆಗೂ ನಡುವೆ ಇತ್ತು. ಒಂದು ಹನಿ ನೀರಿರಲಿಲ್ಲ ಎನ್ನುವುದೊಂದೇ ಅದರ ಕೊರತೆ.

ಅಸಲಿ ಸಮುದ್ರವನ್ನೂ ಮಾವ ಕಂಡವನೇ. ಎಪ್ಪತ್ತರ ದಶಕದ ಕೊನೆಯಲ್ಲಿ, ಎಣ್ಣೆಗಾಗಿ ಕಡಲಿನ ತಳ ಕೊರೆಯುವ ಹಡಗಿನಲ್ಲಿ ಕೆಲವು ವರ್ಷ ದುಡಿದ. ಕೊರೆಯುವ ಕೊಳವೆಯೊಳಗೆ ಬಿಡುವ ಕೆಸರನ್ನು ಹದವಾಗಿ ಕಲಸುವುದು ಅವನ ಕೆಲಸ. ಊರಿಗೆ ಬಂದ ದಿನವೇ ಚಹಾದಂಗಡಿಯಲ್ಲಿ ಜನ ಮುತ್ತಿಕೊಂಡರು.

"ಅಷ್ಟ ದೂರ ಹೋಗಿ ಏನ ಮಾಡ್ತಿದ್ಯೋ?"

"ರಾಡಿ ಕಲಸ್ತಿದ್ದೆ."

"ಅಯ್ಯ ತಮ್ಮಾ, ಅದನ್ನ ನಮ್ಮ ಎಮ್ಮಿ ಊರಾಗ ಇದ್ದಕೊಂಡ ಮಾಡತೈತಲ್ಲೋ!"

ಬೇರೆಯವರು ಮುಂಬಯಿಯಿಂದ ಗಡಿಯಾರ ತರುತ್ತಾರೆ, ಟ್ರಾನ್ಸಿಸ್ಟರ್ ತರುತ್ತಾರೆ. ಮಾವ ಒಂದು ಪ್ರಶ್ನೆ ತಂದಿದ್ದ. ಒಮ್ಮೆ ಕೊರೆಯುವ ಮೊದಲು ಹಡಗಿನವರು ಕ್ಯಾಮೆರಾ ಇಳಿಸಿ ತಳ ನೋಡಿದರಂತೆ. ಆ ಕತ್ತಲೆಯಲ್ಲಿ ಕೋಳಿಜುಟ್ಟಿನ ಹೂವಿನಂಥ ಒಂದು ಜೀವ, ತಳದಲ್ಲಿ ಬೇರು ಬಿಟ್ಟ ಹಾಗೆ ನಿಂತು ಮೆಲ್ಲಗೆ ತಲೆದೂಗುತ್ತಿತ್ತಂತೆ. ಕೊರೆದಾದ ಮೇಲೆ ನೋಡಿದರೆ ಕಲ್ಲಿನ ಪುಡಿ ಮತ್ತು ಮಾವ ಕಲಸಿದ ಕೆಸರು ಸೇರಿ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಹಡಗು ಬೇರೆ ಕಡೆಗೆ ಹೊರಟಿತು.

ಮಾವ ಬಿಡುವವನೇ? ಮುಚ್ಚಿಹೋದ ಆ ಜೀವ ಮತ್ತೆ ಬರುತ್ತದೆಯೇ ಎಂದು ಹಡಗಿನ ಎಂಜಿನಿಯರ್ ಸಾಹೇಬರ ಬೆನ್ನು ಹತ್ತಿದ. ಮೊದಲು ಹುಳುಗಳು ಬರುತ್ತವೆ, ಅದೂ ಅಂಚಿನಿಂದ. ನಿಂತಲ್ಲೇ ಬೆಳೆಯುವ ಜೀವಗಳ ಮರಿಗಳನ್ನು ದೂರದಿಂದ ನೀರೇ ಹೊತ್ತು ತರಬೇಕು. ಆಳದ ಚಳಿಯಲ್ಲಿ ಎಲ್ಲವೂ ನಿಧಾನ, ವರ್ಷಗಟ್ಟಲೆ ಹಿಡಿಯಬಹುದು ಎಂದು ಅವರು ಹೇಳಿದರಂತೆ.

"ಹೋಗಿ ನೋಡಾವ್ರು ಯಾರು ಅಳಿಯಾ?" ಎಂದು ಮಾವ ನನ್ನನ್ನೇ ಕೇಳುತ್ತಿದ್ದ. ಶಿಗ್ಗಾಂವದಲ್ಲಿ ಮಾಸ್ತರಿಕೆ ಮಾಡಿಕೊಂಡು, ಭಾನುವಾರಕ್ಕೊಮ್ಮೆ ಅತ್ತೆಯ ಕೈಯ ರೊಟ್ಟಿ ತಿನ್ನಲು ಬರುತ್ತಿದ್ದ ನಾನು ಏನು ಹೇಳಲಿ?

ಅಷ್ಟರಲ್ಲಿ ಹಿತ್ತಲಿನಲ್ಲಿ ಬೋರ್ ಹಾಕಿಸಿದರು. ನೀರು ಬರಲಿಲ್ಲ. ಬೂದು ಬಣ್ಣದ ಕಲ್ಲಿನ ಪುಡಿ ಮಾತ್ರ ರಾಶಿ ಮಾಡುವ ಕಣದಷ್ಟು ಅಗಲ ಬಿದ್ದು, ಹುಲ್ಲೆಲ್ಲ ಮುಚ್ಚಿಹೋಯಿತು. ಮನೆಮಂದಿ ತಲೆಯ ಮೇಲೆ ಕೈ ಹೊತ್ತು ಕುಳಿತರೆ ಮಾವನ ಮುಖ ಮಾತ್ರ ಅರಳಿತ್ತು!

"ಥೇಟ ಸಮುದ್ರದ ತಳ ಇದ್ದಂಗ ಐತಿ! ಇನ್ನ ಇಲ್ಲೇ ಕುಂತ ನೋಡತೇನಿ."

ಮರುದಿನವೇ ಸುತ್ತಲೂ ಜಾಲಿಮುಳ್ಳಿನ ಬೇಲಿ ಬಿತ್ತು. ಯಾರೂ ಒಳಗೆ ಕಾಲಿಡುವಂತಿಲ್ಲ, ಗೊಬ್ಬರ ಹಾಕುವಂತಿಲ್ಲ, ಒಂದು ತಂಬಿಗೆ ನೀರನ್ನೂ ಚೆಲ್ಲುವಂತಿಲ್ಲ. ಆ ಜಾಗದಲ್ಲಿ ಬಣವೆ ಒಟ್ಟಬೇಕೆಂದಿದ್ದ ಅತ್ತೆ ಕೆಂಡವಾದಳು.

"ಸಮುದ್ರ ಬೇಕಾಗಿದ್ರ ಅಲ್ಲೇ ಇರಬೇಕಾಗಿತ್ತು! ನನ್ನ ಮೇವು ಎಲ್ಲಿ ಒಟ್ಟಲಿ, ನಿಮ್ಮ ತಲಿ ಮ್ಯಾಲೆ?"

ಒಂದು ದಿನ ನಾನು ಪಾಠ ಮಾಡುತ್ತಿದ್ದಾಗ ಮಾವ ಕಡ್ಡಿಪೆಟ್ಟಿಗೆ ಹಿಡಿದು ಶಾಲೆಗೇ ಬಂದ. ಒಳಗೊಂದು ಇರುವೆ! ಸಮುದ್ರಕ್ಕೆ ಬಂದ ಮೊದಲ ಜೀವವಂತೆ; ಅದರ ಜಾತಿ ಯಾವುದೆಂದು ನಾನು ಹೇಳಬೇಕಂತೆ.

"ಮಾವಾ, ನಾ ಇತಿಹಾಸದ ಮಾಸ್ತರ."

"ಇದು ನಿನ್ನಿ ಹಿಡಿದ ಇರಿವಿ. ಇತಿಹಾಸ ಆತಲ್ಲ, ಹೇಳು!"

ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ತರಗತಿಯನ್ನು ಬೇಗ ಬಿಟ್ಟೆ.

ಅಪ್ಪನಿಲ್ಲದ ನನಗೆ ಮಾವನೇ ಹಿರಿಯ. ಹಾಗಾಗಿ ಹಿರೇಕೆರೂರಿನಿಂದ ಹೆಣ್ಣಿನ ಕಡೆಯವರು ಸಂಬಂಧ ಮಾತಾಡಲು ಹುಲಗೂರಿಗೇ ಬಂದರು. ಮಾತು ಚೆನ್ನಾಗಿ ಕುದುರಿತ್ತು. ಹುಡುಗಿಯ ತಂದೆ ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಂಡು ಹಿತ್ತಲಿಗೆ ಹೋಗಿ, ಬೇಲಿಯ ಮೇಲೆ ಬಾಗಿದರು. ಮನೆಯೊಳಗಿನಿಂದ ಮಾವ ಕಿರುಚಿದ:

"ಸಮುದ್ರದಾಗ ಉಗುಳಬ್ಯಾಡ್ರಿ!"

ಪಾಪ, ಅವರು ಬಾಯಲ್ಲಿದ್ದುದನ್ನು ಅಷ್ಟೂ ನುಂಗಿಬಿಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ನಿಮ್ಮ ಮಾವಗ ಇದು ಯಾವಾಗಿಂದ?" ಎಂದು ಕೇಳಿದರು. ಪುಣ್ಯಕ್ಕೆ ಮದುವೆ ನಡೆಯಿತು. ಆದರೆ ಅವರು ಮುಂದೆಂದೂ ಹುಲಗೂರಿಗೆ ಎಲೆ-ಅಡಿಕೆ ಚೀಲ ತರಲಿಲ್ಲ.

ಸಾಹೇಬರು ಹೇಳಿದಂತೆಯೇ ಆಗುತ್ತ ಬಂತು. ಇರುವೆ ಬಂತು, ಆಮೇಲೆ ಅಂಚಿನಿಂದ ಗರಿಕೆ ತೆವಳಿತು, ಒಂದು ಮಳೆಗಾಲ ಎರೆಹುಳುವೂ ಕಂಡಿತು. ಆದರೆ ನಡುಭಾಗ ಹಾಗೇ ಬೋಳಾಗಿತ್ತು. ನಾಲ್ಕು ಮಳೆಗಾಲ ಕಳೆದರೂ ಒಂದು ಹುಲ್ಲುಕಡ್ಡಿ ಏಳಲಿಲ್ಲ. ಮಾವ ಬೇಲಿಯ ಕಡೆ ಹೋಗುವುದನ್ನೇ ಬಿಟ್ಟ. ಒಂದು ಭಾನುವಾರ ತಾಟಿನಲ್ಲಿ ರೊಟ್ಟಿ ಆರುತ್ತಿತ್ತು, ಅವನು ಮುಟ್ಟಲಿಲ್ಲ.

"ನಾನ ಕಲಸಿದ ರಾಡಿ ಅದು ಅಳಿಯಾ. ಆ ಹೂವಿನಂಥಾ ಜೀವ ಅದರ ಪಾಡಿಗೆ ನಿಂತಿತ್ತು, ಮ್ಯಾಲೆ ಸುರುವಿಬಿಟ್ವಿ. ಇನ್ನ ಅದು ಬರೂದಿಲ್ಲ."

ನನಗೆ ನಗೆ ಬರಲಿಲ್ಲ. ಅತ್ತೆ ಒಲೆಯ ಮುಂದೆ ಕುಳಿತು ಅವನ ತಾಟನ್ನೇ ನೋಡುತ್ತಿದ್ದಳು.

ಮುಂದಿನ ಭಾನುವಾರ ಹೋದರೆ ಮಾವ ಬೇಲಿಯ ಹತ್ತಿರ ನಿಂತಿದ್ದ. ಆ ಬೂದು ಪುಡಿಯ ನಟ್ಟನಡುವೆ ಕೋಳಿಜುಟ್ಟಿನ ಗಿಡ, ಹೂವಿನ ಸಮೇತ! ಬುಡದಲ್ಲಿ ಅಂಗೈಯಗಲ ಹೊಸ ಕರಿಮಣ್ಣು. ಬೇಲಿಯ ಮುಳ್ಳಿಗೆ ಅತ್ತೆಯ ಹಸಿರು ಸೀರೆಯ ಎಳೆ ಸಿಕ್ಕಿಕೊಂಡಿತ್ತು. ಒಳಗೆ ಅತ್ತೆ ಎಂದಿಗಿಂತ ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು. ಉಗುಳುವುದಕ್ಕೇ ಊರು ಎಬ್ಬಿಸಿದವನು ಇವತ್ತು ಏನು ಮಾಡುತ್ತಾನೋ ಎಂದು ನಾನು ಅವನ ಪಕ್ಕಕ್ಕೆ ಸರಿದೆ.

"ಮಾವಾ, ಇದು ತಾನ ಬಂದದ್ದಲ್ಲ," ಎಂದೆ ಮೆಲ್ಲಗೆ.

"ಗೊತ್ತೈತಿ ಬಿಡೋ. ಅಸಲಿ ಸಮುದ್ರದಾಗೂ ತಾನ ಬರತೈತೇನು? ಯಾರರ ಹೊತ್ತು ತರಬೇಕು." ಮಾವ ಮುಳ್ಳಿಗೆ ಸಿಕ್ಕಿದ್ದ ಹಸಿರು ಎಳೆಯನ್ನು ಬಿಡಿಸಿಕೊಂಡ. "ಅಲ್ಲಿ ನೀರು ತರತೈತಿ. ಇಲ್ಲಿ ನಿಮ್ಮ ಅತ್ತಿ ತಂದಾಳ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮಾವ ಬೇಲಿಯ ಒಂದು ಮುಳ್ಳುಕಂಟಿ ಸರಿಸಿ, ಬರಿಗಾಲಲ್ಲಿ ಒಳಗೆ ಹೋಗಿ, ಗಿಡದ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿದ. ಆ ಸಮುದ್ರಕ್ಕೆ ಅವನು ನೀರು ಹಾಕಿದ್ದು ಅದೇ ಮೊದಲು.