ಮಾಜಿವಾಡಾದ ಕಿವಿ

ಕಾರಿನ ಸೌಂಡ್ ಹೊಂದಿಸುವವನಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನನಗಂತೂ ಸ್ವಲ್ಪ ಜಾಸ್ತಿಯೇ. ಯಾಕೆಂದರೆ ಥಾಣೆಯಿಂದ ಕಲ್ಯಾಣದವರೆಗೆ ಕಿವಿ ಅಂತ ಇರುವುದು ನನಗೊಬ್ಬನಿಗೆ. ಉಳಿದವರದ್ದು ಕನ್ನಡಕ ಸಿಕ್ಕಿಸಲಿಕ್ಕೆ.

ಫ್ಲೈಓವರ್ ಮೇಲಿನ ಸ್ಕ್ರೂ

ನನ್ನ ಅಂಗಡಿ ಥಾಣೆಯ ಮಾಜಿವಾಡಾದಲ್ಲಿ, ಫ್ಲೈಓವರ್ ಪಕ್ಕ. ಒಂದು ದಿನ ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರ ಕಾರು ಇನ್ನೂ ಫ್ಲೈಓವರ್ ಮೇಲಿತ್ತು. ನಾನು ಕೆಳಗೆ ಚಾ ಕುಡಿಯುತ್ತ, "ಎಡಬಾಗಿಲಿನ ಸ್ಪೀಕರ್ ಸ್ಕ್ರೂ ಸಡಿಲ" ಅಂದೆ. ಅವರು ಇಳಿದು ಬಂದು, "ಮಾರಾಯ್ರೆ, ಎಡಬಾಗಿಲು ಗಡಗಡ ಅಂತದೆ" ಅಂದರು. ನಾನು ಮೊದಲೇ ಹೇಳಿದ್ದೆ ಅಂತ ತಿಳಿದ ಮೇಲೆ ಹತ್ತಿರ ಬಂದು ಪಿಸುಗುಟ್ಟಿದರು: "ನಮ್ಮ ಅಡುಗೆ ಭಟ್ರು ಬೇರೆ ಹೋಟೆಲಿನವರ ಹತ್ರ ಮಾತಾಡ್ತಾ ಇದ್ದಾರಾ, ಸ್ವಲ್ಪ ಕೇಳಿ ನೋಡಿ."

ಎದೆ ನಡುಕ

ಕ್ರಾಸ್‌ಓವರ್ ಅಂದರೆ ಪಾಲಿನ ಪಂಚಾತಿಕೆ. ದಪ್ಪ ಸ್ವರ ಹಿಂದಿನ ದೊಡ್ಡ ಸ್ಪೀಕರಿಗೆ, ಸಣ್ಣ ಸ್ವರ ಮುಂದಿನ ಪುಟ್ಟ ಸ್ಪೀಕರಿಗೆ, ಅಂದರೆ ಟ್ವೀಟರಿಗೆ. ಕಳವಾ ಎಂಬಲ್ಲಿರುವ ಕಲಬುರಗಿಯ ಟೆಂಪೋ ಡ್ರೈವರ್, "ಪಾಲು ಬ್ಯಾಡ್ರಿ ಕಾಕಾ, ಎಲ್ಲಾ ಹಿಂದಿನದಕ್ಕೇ ಕೊಡ್ರಿ. ಎದಿ ನಡಗಬೇಕು" ಅಂದ. ಕೊಟ್ಟೆ. ಮರುದಿನ ಹಾಜರು. "ಹಾಡು ಭಾರಿ ಅದ ಕಾಕಾ. ಖರೆ ಕನ್ನಡಿನೂ ನಡಗಿ ಅದರೊಳಗ ಹಿಂದಿನ ಲಾರಿ ಎರಡೆರಡು ಕಾಣ್ತಾವ. ಯಾವುದಕ್ಕ ದಾರಿ ಬಿಡ್ಲಿ?"

ಸತ್ತ ತಾಳ

ಇದು ನಗುವಂಥದ್ದಲ್ಲ, ಆದರೂ ಜನ ನಕ್ಕಿದ್ದಾರೆ. ಡೊಂಬಿವಲಿಯ ಭಜನಾ ಮಂಡಳಿಯ ಅಮ್ಮನೊಬ್ಬರು ತಮ್ಮ ರೆಕಾರ್ಡಿಂಗ್ ಹಾಕಿ, "ತಾಳದ ಕಿಣಿಕಿಣಿ ಸ್ವಲ್ಪ ಚೆನ್ನಾಗಿ ಕೇಳಲಿ" ಅಂದರು. ಈಕ್ವಲೈಜರ್‌ನಲ್ಲಿ ಸಣ್ಣ ಸ್ವರ ಏರಿಸಿದೆ. ತಾಳ ಇಲ್ಲ. ಇನ್ನೂ ಏರಿಸಿದೆ. ಇಲ್ಲ. "ಟ್ವೀಟರ್ ಸತ್ತಿದೆ" ಅಂತ ತೀರ್ಪು ಕೊಟ್ಟು ಹೊಸದು ಹಾಕಿದೆ. ಅದೂ ಸತ್ತಿತ್ತು. ತಲೆ ಎತ್ತಿದರೆ ಅಮ್ಮ ಕಿವಿ ಮುಚ್ಚಿಕೊಂಡು ರಸ್ತೆಯಾಚೆ ನಿಂತಿದ್ದರು. ಹೈವೇ ಹಾರ್ನಿಗೂ ಏಳದ ಬೀದಿನಾಯಿಗಳು ಪಕ್ಕದ ಗಲ್ಲಿಗೆ ಮನೆ ಬದಲಿಸಿದ್ದವು.

ಅವತ್ತು ಶಟರ್ ಬೇಗ ಎಳೆದೆ. ಸದ್ದು ಅಳೆಯುವ ಮೀಟರ್ ಮುಟ್ಟದೆ ಬರೀ ಕಿವಿಯಿಂದ ದುಡಿದವನು ನಾನು. ಅದೇ ಹೋದರೆ ಅಂಗಡಿಯಲ್ಲಿ ಉಳಿಯುವುದು ನಾನು ಮತ್ತು ಬೋರ್ಡು.

ಕೀಚ್

ವಾಶಿಯ ಕಿವಿ ಡಾಕ್ಟರಮ್ಮ ಹೆಡ್‌ಫೋನ್ ಹಾಕಿಸಿ ಪರೀಕ್ಷೆ ಮಾಡಿ ಗ್ರಾಫ್ ತೋರಿಸಿದರು. ನೆಟ್ಟಗೆ ಬಂದ ಗೆರೆ ಸಣ್ಣ ಸ್ವರದ ಹತ್ತಿರ ನುಣ್ಣಗೆ ಇಳಿದಿತ್ತು. "ಕ್ರಾಸ್‌ಓವರ್ ಬಹಳ ನೀಟಾಗಿದೆ. ಯಾರು ಸೆಟ್ ಮಾಡಿದ್ದು?" ಅಂದೆ.

"ವಯಸ್ಸು, ಅಂಕಲ್. ಹೋದದ್ದು ವಾಪಸು ಬರುವುದಿಲ್ಲ. ಮಷೀನ್ ಹಾಕಿಕೊಳ್ಳಿ, ಕೆಲಸ ನಡೆಯುತ್ತದೆ."

ಮಷೀನ್ ಕಿವಿಗೇರಿತು. ಹೆಂಡತಿಯ ಜೊತೆ ಮನೆಯ ಮೆಟ್ಟಿಲು ಹತ್ತುವಾಗ ಕೀಚ್, ಕೀಚ್. ನಿಂತರೆ ಇಲ್ಲ, ಹತ್ತಿದರೆ ಕೀಚ್. "ಇದರ ಟ್ವೀಟರ್ ಒಡೆದಿದೆ, ವಾಪಸು ಕೊಡಬೇಕು" ಅಂದೆ.

"ಮಷೀನ್ ಸರಿಯುಂಟು. ಅದು ನಿಮ್ಮ ಚಪ್ಪಲಿ" ಅಂದಳು. "ಹೋದ ಮಳೆಗಾಲದಿಂದ ಇಡೀ ಬಿಲ್ಡಿಂಗ್ ಕೇಳ್ತಾ ಉಂಟು."

"ಮತ್ತೆ ಯಾರೂ ಹೇಳಲಿಲ್ಲವಲ್ಲ?"

"ಅಷ್ಟು ದೊಡ್ಡ ಕಿವಿಯವರು. ನೀವೇ ಟ್ಯೂನ್ ಮಾಡಿಟ್ಟದ್ದು ಅಂದುಕೊಂಡರು."