ಮಾಮಾನ ಬಂಪರ್ ಮತ್ತು ಇಪ್ಪತ್ತೆರಡು ಟಿಕ್

ನಮ್ಮ ಮಾಮಾ ಯಾರನ್ನೂ ನಂಬುವುದಿಲ್ಲ. ಈ ಮಾತನ್ನು ನೀವು ನಂಬಬೇಕು. ಅವರು ಮಾತ್ರ ಇದನ್ನೂ ನಂಬುವುದಿಲ್ಲ; "ಯಾರ್ ಹೇಳಿದ್ರು ನಿನಗ?" ಎಂದು ಮೊದಲು ಕೇಳುತ್ತಾರೆ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಬಾಗಲಕೋಟೆಯ ಕಡೆ ನಾವು ಹಾಗೆಯೇ ಕರೆಯುವುದು. ಜರ್ಮನಿಯಲ್ಲಿ ವೋಲ್ಫ್ಸ್‌ಬುರ್ಗಿನ ಹತ್ತಿರ ಕಾರಿನ ಬಿಡಿಭಾಗ ಮಾಡುವ ಸಣ್ಣ ಕಂಪನಿಯಲ್ಲಿ ಎಂಜಿನಿಯರು. ಲಿಫ್ಟಿನ ಗೋಡೆಯ ಮೇಲೆ ಎಂಟು ಜನ ಎಂದು ಬರೆದಿದ್ದರೆ ಆರನೆಯವರು ಹತ್ತುತ್ತಿದ್ದಂತೆ ಇವರು ಇಳಿದುಬಿಡುತ್ತಾರೆ. ಅಂಗಡಿಯಲ್ಲಿ ಸೀಲ್ ಮಾಡಿದ ಹಾಲಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಏನು ಕೇಳಿಸುತ್ತದೋ! ಅಲ್ಲಿದ್ದು ಕೆಲಸ ಮಾಡಲು ಬೇಕಾದ ಬ್ಲೂ ಕಾರ್ಡ್ ಅವರ ಕೈಗೆ ಬಂದ ದಿನ ಬೇರೆಯವರಾಗಿದ್ದರೆ ಸಿಹಿ ಹಂಚುತ್ತಿದ್ದರು. ಮಾಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಹೆಸರು ಬ್ಲೂ ಕಾರ್ಡ್. ಎಲ್ಲೈತಿ ಬ್ಲೂ? ತೋರಸು!"

"ಕಾರ್ಡ್ ಬಂತಲ್ರೀ, ಸಾಕಲ್ಲ" ಎಂದಳು ಅಕ್ಕ.

"ಬಂದೈತಿ, ಖರೆ. ಈ ಫೋಟೋದಾಗಿನ ಮನಶಾನ ಮ್ಯಾಲೂ ನನಗ ನಂಬಿಗಿಲ್ಲ."

ಅದು ಅವರದೇ ಫೋಟೋ.

ಈ ಮನುಷ್ಯನಿಗೆ ಒಂದೇ ಒಂದು ವಿನಾಯಿತಿ ಇತ್ತು: ಅಕ್ಕ ಕೊಟ್ಟ ಚಹಾ. ಆ ಲೋಟದೊಳಗೆ ಅವರು ಇಣುಕಿ ನೋಡುತ್ತಿರಲಿಲ್ಲ. ಕಣ್ಣು ಬೇರೆಲ್ಲೋ ಇರುತ್ತಿತ್ತು. ಕೈ ಚಾಚುತ್ತಿದ್ದರು, ತೆಗೆದುಕೊಳ್ಳುತ್ತಿದ್ದರು, ಕುಡಿಯುತ್ತಿದ್ದರು. ಹನ್ನೊಂದು ತಿಂಗಳು ಅವರ ಮನೆಯಲ್ಲೇ ಇದ್ದ ನಾನು ಇದನ್ನು ದಿನಕ್ಕೆ ಎರಡು ಸಲ ಕಂಡಿದ್ದೇನೆ. ಒಂದು ದಿನ ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಆ ವಿನಾಯಿತಿಯೇ ಹೋಗಿಬಿಡುವ ಹಾಗಾಯಿತು. ಆದದ್ದು ಹೀಗೆ.

ಮಾಮಾ ಹಳೆಯದೊಂದು ಪಿಕಪ್ ಟ್ರಕ್ ಕೊಂಡಿದ್ದರು. ಮನೆಗೆ ತಂದ ದಿನವೇ ಅದರ ಹಿಂದಿನ ಬಂಪರಿಗೆ ಬೆರಳಿನ ಗೆಣ್ಣಿನಿಂದ ಕುಟ್ಟಿ, "ಇದು ಬಂಪರ್ ಅಲ್ಲ, ಟಿಫಿನ್ ಡಬ್ಬಿ ಮುಚ್ಚಳ" ಎಂದರು.

"ಮಾಮಾ, ಇಂಥಾ ಬಂಪರ್ ಡಿಸೈನ್ ಮಾಡೂದ ನಿಮ್ಮ ಕೆಲಸ ಅಲ್ಲೇನು?"

"ಅದಕ್ಕ ಹೇಳಾಕತ್ತೀನಿ!"

ತಿಂಗಳೊಳಗೆ ಕಪ್ಪು ಉಕ್ಕಿನ ಬಂಪರೊಂದು ಬಂತು. ಕಾಡುಮೇಡಿನಲ್ಲಿ ಓಡಾಡುವವರಿಗೆಂದು ಮಾಡಿದ್ದು. ಮಾಮಾ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೂ ಹೆದರುವವರು! ಅದನ್ನು ಎತ್ತಲು ಇಬ್ಬರು ಬೇಕಾಯಿತು. ಎರಡೂ ತುದಿಗೆ ಎಮ್ಮೆ ಕಟ್ಟಬಹುದಾದಂಥ ಕಬ್ಬಿಣದ ಬಳೆಗಳಿದ್ದವು. ಕೂರಿಸಿದ ಮೇಲೆ ಮಾಮಾ ಪ್ರತಿ ಬೋಲ್ಟಿನ ತಲೆಯಿಂದ ಬಂಪರಿನವರೆಗೆ ಬಿಳಿ ಬಣ್ಣದ ಗೆರೆ ಎಳೆದರು. ಬೋಲ್ಟು ಕದಲಿದರೆ ಗೆರೆ ಮುರಿಯಬೇಕು. ಪಾರ್ಕಿಂಗ್ ಸೆನ್ಸರಿಗೆ ಈ ಹೊಸ ಬಂಪರೇ ಅಡ್ಡ ಬಂದವರಂತೆ ಕಂಡು, ರಿವರ್ಸ್ ಹಾಕಿದಾಗಲೆಲ್ಲ ಅದು ಕಿರುಚತೊಡಗಿತು. ತನ್ನ ಮೈಯನ್ನೇ ನಂಬದ ಗಾಡಿ! ಮಾಮಾ ಮೊದಲ ಬಾರಿಗೆ ನಕ್ಕರು. "ಈಗ ಇದು ನನ್ನ ಗಾಡಿ ಆತು ನೋಡು."

ಬಂಪರನ್ನು ಗಾಡಿಯ ಕಾಗದಪತ್ರದಲ್ಲಿ ಸೇರಿಸಲು ತಪಾಸಣೆಯವರಿಗೆ ತೋರಿಸಬೇಕಿತ್ತು. ಟಾರ್ಚು, ಸುತ್ತಿಗೆ ಹಿಡಿದ ಬಿಳಿ ಮೀಸೆಯ ಇನ್ಸ್‌ಪೆಕ್ಟರು ಗಾಡಿಯ ಕೆಳಗೆ ತೂರಿದರು. ಟ್ರೇಲರನ್ನು ಈ ಬಳೆಗೆ ಸಿಕ್ಕಿಸಬಹುದೇ ಎಂದು ಮಾಮಾ ಕೇಳಿದರು.

"ನೈನ್, ಆಗದು. ನೀವು ಕೆಸರಿನಲ್ಲಿ ಸಿಕ್ಕಿಕೊಂಡಾಗ ಬೇರೆಯವರು ನಿಮ್ಮನ್ನು ಎಳೆಯಲು ಈ ಬಳೆ. ಟ್ರೇಲರು ಎಳೆಯಲು ಚಾಸಿಗೆ ಕೂರಿಸಿದ ಆ ಗುಂಡು ಮಾತ್ರ." ಬಂಪರಿನ ನಡುವಿನ ಕಿಂಡಿಯಿಂದ ಹೊರಗೆ ಇಣುಕುತ್ತಿದ್ದ ಉಕ್ಕಿನ ಗುಂಡನ್ನು ಬೆರಳಿನಿಂದ ಸವರಿ, ಬೆರಳನ್ನು ನೋಡಿಕೊಂಡರು. "ಗುಂಡು ಒಣಗಿರಬೇಕು. ಟ್ರೇಲರಿನ ಓಲಾಟ ತಡೆಯುವ ಕೊಕ್ಕೆ ಇದನ್ನು ಬಿಗಿಯಾಗಿ ಉಜ್ಜಿ ಹಿಡಿಯುತ್ತದೆ. ಒಂದು ಹನಿ ಎಣ್ಣೆ ತಾಗಿದರೂ ಹಿಡಿತ ಹೋಗಿ ಟ್ರೇಲರು ಬಾಲ ಬೀಸುತ್ತದೆ."

ಆಮೇಲೆ ಬಿಳಿ ಗೆರೆಗಳನ್ನು ನೋಡಿ, "ಇವನ್ನು ಯಾರು ಎಳೆದದ್ದು?" ಎಂದರು.

"ನಾನು."

"ಗುಟ್" ಎಂದು ಹೇಳಿ, ಜೇಬಿನಿಂದ ಹಳದಿ ಸೀಮೆಸುಣ್ಣ ತೆಗೆದು, ಪ್ರತಿ ಬಿಳಿ ಗೆರೆಯ ಪಕ್ಕ ತಮ್ಮದೂ ಒಂದು ಗೆರೆ ಎಳೆದರು. ಹಿಂತಿರುಗುವ ದಾರಿಯುದ್ದಕ್ಕೂ ಮಾಮಾ ಅದನ್ನೇ ಹೇಳುತ್ತಿದ್ದರು. "ನನ್ನೂ ನಂಬಲಿಲ್ಲ ನೋಡು. ಎಂಥಾ ಮನಶಾ!"

ಅಂದೇ ಪಟ್ಟಿ ಹುಟ್ಟಿತು. ಟ್ರೇಲರು ಕಟ್ಟುವ ಮೊದಲು ನೋಡಬೇಕಾದ ಇಪ್ಪತ್ತೆರಡು ಸಂಗತಿಗಳು. ಒಂಬತ್ತನೆಯದು: ಗುಂಡು ಒರೆಸುವುದು.

ಆ ಶರತ್ಕಾಲದಲ್ಲಿ ನನಗೆ ದೂರದ ಸೇಂಟ್ ಲಿಯೋನ್-ರೋಟ್‌ನಲ್ಲಿ ಹೊಸ ಕೆಲಸ ಸಿಕ್ಕಿತು. ಮಂಚ, ಪುಸ್ತಕ, ಮಿಕ್ಸರು ಎಲ್ಲವನ್ನೂ ಬಾಡಿಗೆ ಟ್ರೇಲರಿನಲ್ಲಿ ಸಾಗಿಸುವುದೆಂದಾಯಿತು. ಹೊರಡುವ ದಿನವೇ ಆಯುಧ ಪೂಜೆ.

"ಏನ್ರೀ, ಊರಾಗ ಸೈಕಲ್ಲಿಗೂ ಪೂಜಾ ಮಾಡ್ತಾರ. ಇಷ್ಟ್ ದೊಡ್ಡ ಗಾಡಿ, ಬೋಳು ಹಣಿ ಇಟಗೊಂಡು ಆಟೋಬಾನಿಗೆ ಹೋಗಬೇಕೇನು?" ಎಂದಳು ಅಕ್ಕ.

"ಬ್ಯಾಡ. ಕುಂಕುಮ ಬೋಲ್ಟಿನ ಥ್ರೆಡ್ಡಿನಾಗ ಹೋಗತೈತಿ. ಗಾಡಿ ಯಾರೂ ಮುಟ್ಟಬ್ಯಾಡ್ರಿ."

ಹಿಂದಿನ ಸಂಜೆ ಮಾಮಾ ಗುಂಡು ಒರೆಸಿದರು, ಸೀಳಿದ ಹಳೆಯ ಟೆನಿಸ್ ಚೆಂಡನ್ನು ಅದಕ್ಕೆ ಟೊಪ್ಪಿಗೆಯಂತೆ ತೊಡಿಸಿದರು, ಒಂಬತ್ತಕ್ಕೆ ಟಿಕ್ ಹಾಕಿದರು.

ಬೆಳಿಗ್ಗೆ ದಟ್ಟ ಮಂಜು. ಮಾಮಾ ಸ್ನಾನಕ್ಕೆ ಹೋಗಿದ್ದರು. ಅಕ್ಕ ತಟ್ಟೆ ಹಿಡಿದು ಮೆಟ್ಟಿಲಿಳಿದದ್ದನ್ನು ನಾನು ನೋಡಿದೆ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಕರ್ಪೂರ, ನಿಂಬೆಹಣ್ಣು, ಎಣ್ಣೆಯ ಬಟ್ಟಲು. ಹೋಗುವಾಗ ಬಟ್ಟಲು ತುಂಬಿತ್ತು, ಬರುವಾಗ ಅರ್ಧವಿತ್ತು. ಇಷ್ಟನ್ನೂ ಸರಿಯಾಗಿ ಕಂಡೆ, ಏನನ್ನೂ ಯೋಚಿಸಲಿಲ್ಲ. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ನಾನು ತಲೆಯಾಡಿಸಿದೆ.

ಮಾಮಾ ಬಂದರು, ಅರೆಗತ್ತಲೆಯಲ್ಲಿ ಟೆನಿಸ್ ಚೆಂಡು ಕಿತ್ತರು, ಟ್ರೇಲರನ್ನು ಗುಂಡಿನ ಮೇಲೆ ಇಳಿಸಿದರು. ಒಂಬತ್ತಕ್ಕೆ ಆಗಲೇ ಟಿಕ್ ಇತ್ತಲ್ಲ! ಗಾಡಿ ಹೊರಟಿತು. ಎರಡು ಅಡಿ ಹೋಗುವಷ್ಟರಲ್ಲಿ ಚಕ್ರದ ಕೆಳಗೆ ಪಚಕ್ ಎಂದಿತು. ಮಾಮಾ ಬ್ರೇಕ್ ಹಾಕಿದರು.

"ಏನೋ ಒಡೀತು!"

"ಮರದ ಕಾಯಿ ಇರಬೇಕು ಮಾಮಾ" ಎಂದೆ. ಮೇಲೆ ಬಾಲ್ಕನಿಯಲ್ಲಿ ಅಕ್ಕ ಕೈಮುಗಿದು ನಿಂತಿದ್ದಳು.

"ಯಾವ ಮರ?" ಎಂದರು ಮಾಮಾ. ಆದರೂ ಮುಂದಕ್ಕೆ ಬಿಟ್ಟರು.

ಕಾಸೆಲ್ಲಿನ ಹತ್ತಿರದ ಇಳಿಜಾರುಗಳವರೆಗೆ ಎಲ್ಲ ಸರಿಯಿತ್ತು. ಟ್ರೇಲರು ಕಟ್ಟಿದ ಗಾಡಿಗೆ ಎಂಬತ್ತರ ಮಿತಿ; ಮಾಮಾ ಅದನ್ನೂ ನಂಬದೆ ಎಪ್ಪತ್ತರಲ್ಲಿದ್ದರು. ಉದ್ದದ ಲಾರಿಯೊಂದು ನಮ್ಮನ್ನು ದಾಟಿತು. ಆಗ ಪಕ್ಕದ ಕನ್ನಡಿಯಲ್ಲಿ ಟ್ರೇಲರು ಕಾಣಿಸಿತು, ಕಾಣಿಸಬಾರದಾಗಿತ್ತು. ಮರುಕ್ಷಣ ಇಲ್ಲ. ಮತ್ತೆ ಕಾಣಿಸಿತು, ಇನ್ನೂ ಹೆಚ್ಚು. ಬಂಪರಿನ ಬಳೆಗಳು ಠಣ್ ಠಣ್ ಎಂದು ಬಡಿದುಕೊಳ್ಳತೊಡಗಿದವು. ಸೀಟು ನನ್ನ ಕೆಳಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

"ತಮ್ಮಾ, ಮಾತಾಡಬ್ಯಾಡ."

ನಾನು ಮಾತಾಡುತ್ತಿರಲಿಲ್ಲ. ಉಸಿರೂ ಆಡುತ್ತಿರಲಿಲ್ಲ. ಮಾಮಾ ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕನ್ನು ಮೆಲ್ಲಗೆ ಒತ್ತಿದರು. ಏಳು ಸಲ ಟ್ರೇಲರು ಬೀಸಿತು, ನಾನು ಎಣಿಸಿದ್ದೇನೆ. ಎಂಟನೆಯ ಸಲ ಬೀಸಲಿಲ್ಲ.

ಹೆದ್ದಾರಿ ಬದಿಯ ಮುಂದಿನ ಪಾರ್ಕ್‌ಪ್ಲಾಟ್ಸ್‌ನಲ್ಲಿ ನಿಲ್ಲಿಸಿದರು. ಮಾಮಾ ಕೊಕ್ಕೆ ಬಿಚ್ಚಿ, ಗುಂಡು ಮುಟ್ಟಿ, ಬೆರಳು ನೋಡಿಕೊಂಡರು.

"ಎಣ್ಣಿ! ಯಾಂವ ಮಾಡಿದ್ದಿದು? ಕೆಳಗಿನ ಮನಿಯಾಂವ? ಟ್ರೇಲರ್ ಬಾಡಿಗಿ ಕೊಟ್ಟಾಂವ? ಅಲ್ಲ, ಆ ಮೀಸಿ ಇನ್ಸ್‌ಪೆಕ್ಟರ್..." ಬೆರಳನ್ನು ಮೂಗಿನ ಹತ್ತಿರ ತಂದರು. ಅಲ್ಲಿಗೆ ಮಾತು ನಿಂತಿತು. ಆ ವಾಸನೆ ನನಗೂ ಬಂತು. ದೇವರ ಮುಂದಿನ ದೀಪದ ಎಳ್ಳೆಣ್ಣೆ, ಜೊತೆಗೆ ಕರ್ಪೂರ. ಕಪ್ಪಗೆ ಉರುಟಾಗಿ ನಿಂತ ಆ ಗುಂಡು ಅಕ್ಕನ ಕಣ್ಣಿಗೆ ಶಿವಲಿಂಗವಾಗಿ ಕಂಡಿತ್ತು. ಅದಕ್ಕೆ ಎಣ್ಣೆ ಹಚ್ಚಿ, ಚಳಿಯಾಗದಿರಲೆಂಬಂತೆ ಮತ್ತೆ ಚೆಂಡಿನ ಟೊಪ್ಪಿಗೆ ತೊಡಿಸಿದ್ದಳು! ಬಂಪರಿನ ಅಡಿ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಅರಿಶಿನದ ಮೂರು ಗೆರೆ, ಒಂದು ಕುಂಕುಮದ ಬೊಟ್ಟು.

"ಮಾಮಾ, ನಾನು ನೋಡಿದ್ದೆ. ಹೇಳಲಿಲ್ಲ" ಎಂದೆ.

ಅವರು ಬಗ್ಗಿ ತುಂಬ ಹೊತ್ತು ಆ ಬೊಟ್ಟನ್ನು ನೋಡಿದರು. ಕರವಸ್ತ್ರದಿಂದ ಗುಂಡನ್ನು ಒರೆಸಿದರು, ಕೊಕ್ಕೆಯ ಒಳಗನ್ನೂ ಒರೆಸಿದರು, ಗುಂಡನ್ನು ಮತ್ತೊಮ್ಮೆ ಒರೆಸಿದರು. ಬೊಟ್ಟನ್ನು ಮುಟ್ಟಲಿಲ್ಲ. ಆಮೇಲೆ ಬಂಪರಿನ ಮೇಲೆ ಕುಳಿತು, "ಚಾ ಕೊಡು" ಎಂದರು.

ಅಕ್ಕ ಕಟ್ಟಿಕೊಟ್ಟ ಫ್ಲಾಸ್ಕಿನಿಂದ ಲೋಟಕ್ಕೆ ಸುರಿದೆ. ಸುರಿಯುವಾಗ ನನ್ನ ಕಣ್ಣು ಅವರ ಕಣ್ಣಿನ ಮೇಲೇ ಇತ್ತು. ಇಂದು ಇಣುಕಿ ನೋಡುತ್ತಾರೆ ಎಂದುಕೊಂಡೆ. ಕೈ ಚಾಚಿದರು. ಚಹಾ ಒಂದಿಷ್ಟು ತುಳುಕಿತು. ಕಣ್ಣು ದೂರದ ಬೆಟ್ಟದ ಮೇಲಿತ್ತು.

ಕುಡಿದರು.

ಫೋನು ಬಡಿಯಿತು. ಅಕ್ಕ. "ಏನ್ರೀ, ಗಾಡಿ ಹೆಂಗ ಹೊಂಟೈತಿ?"

ಯಾವ ಗಾಡಿಯೂ ಸರಿಯಿದೆ ಎಂದು ಜನ್ಮದಲ್ಲಿ ಒಪ್ಪದ ಮಾಮಾ, "ಭಾಳ ಚಲೋ ಹೊಂಟೈತಿ" ಎಂದರು. ಬೊಟ್ಟಿನ ಕಡೆ ಬಗ್ಗಿ, "ನೀ ಪೂಜಾ ಮಾಡೀಯಲ್ಲ" ಎಂದರು. ಆ ಕಡೆ ಅಕ್ಕ ನಕ್ಕದ್ದು ನನಗೂ ಕೇಳಿಸಿತು.

ಫೋನು ಇಟ್ಟು, ಜೇಬಿನಿಂದ ಪಟ್ಟಿ ತೆಗೆದು, ಮೊಣಕಾಲ ಮೇಲಿಟ್ಟುಕೊಂಡು ಪೆನ್ಸಿಲಿನಲ್ಲಿ ಏನೋ ಬರೆದರು. ಸೇಂಟ್ ಲಿಯೋನ್-ರೋಟ್ ತಲುಪಿ ಸಾಮಾನು ಇಳಿಸುವಾಗ ಡ್ಯಾಶ್‌ಬೋರ್ಡಿನ ಮೇಲೆ ಅದು ಕಂಡಿತು, ಓದಿದೆ.

ಇಪ್ಪತ್ಮೂರು: ಪೂಜಾ ಆದ ಮ್ಯಾಲ ಗುಂಡು ಒರಸೂದು. ಆಕಿ ನೋಡಲಾರದಂಗ.